ಹಾಸನ, ಚಿಕ್ಕಮಗಳೂರಿನ ಕಲಿಯುವ ಮಕ್ಕಳಿಗೆ ಕೊಳಲು ಆರಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

"ಯಾವ ಕಂಪನಿ ಕೊಳಲು ತಗೋಬೇಕು?" ಜೂನ್‌ನಲ್ಲಿ ಶಾಲೆ ಶುರುವಾದಾಗ ಒಂದು ಸಲ, ವಿಜಯದಶಮಿ ಹತ್ತಿರ ಬಂದಾಗ ಇನ್ನೊಂದು ಸಲ, ಈ ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರು ಸಾಮಾನ್ಯವಾಗಿ ಅಪ್ಪ ಅಥವಾ ಅಮ್ಮ. ಫೋನಿನಲ್ಲಿ ಆಗಲೇ ನಾಲ್ಕೈದು ಕೊಳಲು ನೋಡಿ, ಸ್ಟಾರ್ ಎಣಿಸಿ, ಒಂದನ್ನು ಕಾರ್ಟಿಗೂ ಹಾಕಿರುತ್ತಾರೆ.

ನನ್ನ ಉತ್ತರ ಸ್ವಲ್ಪ ಉದ್ದ. ಬಿದಿರಿನ ಕೊಳಲಾದರೆ ಕಂಪನಿ ಹೆಸರು ಕೊನೆಯಲ್ಲಿ ಬರಬೇಕು. ಅದಕ್ಕೂ ಮೊದಲು ಪದ್ಧತಿ, ಶ್ರುತಿ (ಆಧಾರ ಸ್ವರದ ಎತ್ತರ), ಮಗುವಿನ ಕೈ ಮತ್ತು ಕೈಯಲ್ಲಿರುವ ಆ ಒಂದು ಕೊಳಲು ಹೇಗಿದೆ ಎಂಬುದು ಮುಖ್ಯ. ಪಾಶ್ಚಾತ್ಯ ಸಂಗೀತದ ಲೋಹದ ಫ್ಲೂಟ್ ಆದರೆ ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿ ಕಂಪನಿಯೇ ಮೊದಲು. ಈ ವ್ಯತ್ಯಾಸ ಗೊತ್ತಿಲ್ಲದೆ ದುಡ್ಡು ಹಾಕುವವರೇ ಜಾಸ್ತಿ.

ಹಂತ 1: ಕೊಳಲಿಗೂ ಮೊದಲು ಗುರು

ಮೊದಲು ಮೇಷ್ಟ್ರನ್ನು ಹುಡುಕಿ, ಆಮೇಲೆ ಕೊಳಲು. ಕರ್ನಾಟಕ ಸಂಗೀತದ ಕೊಳಲು, ಹಿಂದೂಸ್ತಾನಿ ಬಾನ್ಸುರಿ, ಪಾಶ್ಚಾತ್ಯ ಫ್ಲೂಟ್ ಮೂರೂ ಬೇರೆ ಬೇರೆ ವಾದ್ಯಗಳು. ಅಡ್ಡ ಹಿಡಿದು ಊದುತ್ತಾರೆ ಎನ್ನುವುದು ಬಿಟ್ಟರೆ ಕಲಿಯುವವನಿಗೆ ಒಂದರಿಂದ ಇನ್ನೊಂದಕ್ಕೆ ಹಾರುವುದು ಸುಲಭವಲ್ಲ.

ಕರ್ನಾಟಕ ಪದ್ಧತಿಯ ಕೊಳಲಿಗೆ ಊದುವ ತೂತು ಬಿಟ್ಟು 8 ತೂತುಗಳಿರುತ್ತವೆ. ಮೊದಲ ಎರಡು ತೂತು ಮುಚ್ಚಿದರೆ ಷಡ್ಜ, ಅಂದರೆ ಸ. ಬಾನ್ಸುರಿಗೆ ಸಾಮಾನ್ಯವಾಗಿ 6 ತೂತು, ಕೆಲವಕ್ಕೆ 7. ಅಲ್ಲಿ ಮೊದಲ ಮೂರು ಮುಚ್ಚಿದರೆ ಷಡ್ಜ. ಮೇಷ್ಟ್ರು ಮೊದಲ ಪಾಠವಾದ ಸರಳೆ ವರಸೆ ಶುರು ಮಾಡುವ ದಿನ ಮಗು ಬಾನ್ಸುರಿ ಹಿಡಿದು ಕೂತರೆ ಮೊದಲ ಸ್ವರದಲ್ಲೇ ಗಲಿಬಿಲಿ. ಆನ್‌ಲೈನ್ ಅಂಗಡಿಗಳಲ್ಲಿ ಸುಮ್ನೆ "ಫ್ಲೂಟ್" ಅಂತ ಹುಡುಕಿದರೆ ಮೊದಲು ಕಾಣುವುದು ಹೆಚ್ಚಾಗಿ ಆರು ತೂತಿನ ಬಾನ್ಸುರಿಯೇ. ಹಾಗಾಗಿ ನಮ್ಮ ಕಡೆ ಈ ಎಡವಟ್ಟು ಪದೇ ಪದೇ ಆಗುತ್ತದೆ.

ಹಾಸನದ ಕಡೆ ಕರ್ನಾಟಕ ಪದ್ಧತಿಗೆ ಬೇರು ಆಳ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಎಂದರೆ ಸಂಗೀತಗಾರರ ಊರು. ಗಾಯಕ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲಿ. ಇವತ್ತು ದೇಶವಿದೇಶಗಳಲ್ಲಿ ಕೊಳಲು ನುಡಿಸುವ ಶಶಾಂಕ್ ಸುಬ್ರಹ್ಮಣ್ಯಂ 1978ರಲ್ಲಿ ಹುಟ್ಟಿದ್ದೂ ಅದೇ ಊರಲ್ಲಿ. ತಂಬೂರಿ ಆಕಾರದ ಸಪ್ತಸ್ವರ ದೇವತೆಗಳ ಮಂದಿರವೂ ಅಲ್ಲಿದೆ, ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ನಮ್ಮಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಯ ದಾರಿಯಲ್ಲಿ ಹೋಗುವ ಮಕ್ಕಳು ಹೆಚ್ಚಿನವರು ಇದೇ ಪದ್ಧತಿಯವರು. ಆದರೂ ಊಹೆ ಬೇಡ. ಮೇಷ್ಟ್ರನ್ನೇ ಮೂರು ಪ್ರಶ್ನೆ ಕೇಳಿ: ಯಾವ ಪದ್ಧತಿ, ಎಷ್ಟು ತೂತು, ಎಷ್ಟು ಮನೆ ಶ್ರುತಿ? ಉತ್ತರವನ್ನು ಬರೆದಿಟ್ಟುಕೊಳ್ಳಿ. ಎಷ್ಟೋ ಮೇಷ್ಟ್ರುಗಳ ಹತ್ತಿರ ತಾವೇ ಊದಿ ಆರಿಸಿಟ್ಟ ಎರಡು ಮೂರು ಕೊಳಲು ಇರುತ್ತವೆ. ಕೊಡುತ್ತೇನೆ ಅಂದರೆ ಕಣ್ಣು ಮುಚ್ಚಿ ತಗೊಳ್ಳಿ, ಮುಂದಿನ ಅರ್ಧ ತಲೆನೋವು ತಪ್ಪಿತು.

ಹಂತ 2: ಎಷ್ಟು ಮನೆ?

ಶ್ರುತಿಯನ್ನು ನಮ್ಮಲ್ಲಿ ಮನೆ ಲೆಕ್ಕದಲ್ಲಿ ಹೇಳುತ್ತಾರೆ. ಚೆನ್ನೈ ಕಡೆಯ ತಯಾರಕರು ಕಟ್ಟೈ ಅನ್ನುತ್ತಾರೆ, ಆನ್‌ಲೈನಿನವರು ಇಂಗ್ಲಿಷ್ ಅಕ್ಷರ ಬರೆಯುತ್ತಾರೆ. ಮೂರೂ ಒಂದೇ. 1 ಮನೆ ಎಂದರೆ ಸಿ, 2 ಅಂದರೆ ಡಿ, 3 ಅಂದರೆ ಇ, 4 ಅಂದರೆ ಎಫ್, 5 ಅಂದರೆ ಜಿ, 6 ಅಂದರೆ ಎ, 7 ಅಂದರೆ ಬಿ. ನಡುವಿನ ಅರೆಗಳು ಹಾರ್ಮೋನಿಯಂನ ಕಪ್ಪು ಮನೆಗಳು: ಒಂದೂವರೆ, ಎರಡೂವರೆ, ನಾಲ್ಕೂವರೆ, ಐದೂವರೆ, ಆರೂವರೆ. ಮೂರೂವರೆ ಎಂಬುದಿಲ್ಲ. ಯಾರಾದರೂ ಮೂರೂವರೆ ಮನೆ ಕೊಳಲು ಇದೆ ಅಂದರೆ ಆ ಅಂಗಡಿಯಿಂದ ಹೊರಗೆ ಬನ್ನಿ.

ಇಲ್ಲೊಂದು ತೊಡಕಿದೆ. ಒಂದೇ ಅಕ್ಷರದ ಕೊಳಲು ಸಣ್ಣದು, ಮಧ್ಯಮ, ಬೇಸ್ ಅಂತ ಬೇರೆ ಬೇರೆ ಅಳತೆಯಲ್ಲಿ ಬರುತ್ತದೆ. ಶ್ರುತಿ ಅದೇ, ಸ್ಥಾಯಿ (ಆಕ್ಟೇವ್) ಬೇರೆ. ಸಿ ಬಾನ್ಸುರಿ ಮಧ್ಯಮ ಸೈಜಿನಲ್ಲಿ ಸುಮಾರು 19 ಇಂಚು. ದೊಡ್ಡವರು ಕಛೇರಿಯಲ್ಲಿ ಹಿಡಿಯುವ ಇ ಬಾನ್ಸುರಿ ಸುಮಾರು 30 ಇಂಚು. ಈ ಉದ್ದ ಬಾನ್ಸುರಿಯನ್ನು ರಾಗಸಂಗೀತದ ವೇದಿಕೆಗೆ ತಂದವರು ಪನ್ನಾಲಾಲ್ ಘೋಷ್. ಆ ಗಂಭೀರ ನಾದ ಕೇಳಿದ ಅಪ್ಪಂದಿರು ಮಗುವಿಗೂ ಅದನ್ನೇ ತರಿಸುತ್ತಾರೆ. ಎಂಟು ವರ್ಷದ ಮಗುವಿನ ಬೆರಳು ಅದರ ಆರನೇ ತೂತಿಗೆ ಎಟುಕುವುದೇ ಇಲ್ಲ.

ಇನ್ನೊಂದು ಕಿರಿಕಿರಿಯೂ ಇದೆ. ಹಿಂದೂಸ್ತಾನಿಯವರು ಷಡ್ಜದ ಮೇಲೆ ಕೊಳಲಿಗೆ ಅಕ್ಷರ ಕೊಡುತ್ತಾರೆ. ವಿದೇಶಿ ಗಿರಾಕಿಗಳಿಗೆ ಮಾರುವ ಕೆಲವರು ಆರೂ ತೂತು ಮುಚ್ಚಿದಾಗ ಬರುವ ಸ್ವರದ ಮೇಲೆ ಕೊಡುತ್ತಾರೆ. ಹಾಗಾಗಿ "ಜಿ ಕೊಳಲು" ಅಂತ ಮಾತ್ರ ಕೇಳಬೇಡಿ. "ಮೂರು ತೂತು ಮುಚ್ಚಿದಾಗ ಷಡ್ಜ ಜಿ ಬರಬೇಕು" ಅಂತ ಕೇಳಿ. ಕರ್ನಾಟಕ ಕೊಳಲಾದರೆ "ಎರಡು ಮುಚ್ಚಿದಾಗ" ಅನ್ನಿ.

ಮೇಷ್ಟ್ರು ಏನೂ ಹೇಳದಿದ್ದರೆ ನನ್ನ ಲೆಕ್ಕ ಇದು. ಕರ್ನಾಟಕ ಪದ್ಧತಿಯ ಸಣ್ಣ ಮಕ್ಕಳಿಗೆ 5 ಅಥವಾ 5½ ಮನೆ, ಮಧ್ಯಮ ಸೈಜು. ಬಾನ್ಸುರಿಗೆ ಸಿ ಮಧ್ಯಮ, ಕೈ ಬೆಳೆದ ಹೈಸ್ಕೂಲ್ ಮಕ್ಕಳಿಗೆ ಜಿ. ಕ್ಲಾಸಿನಲ್ಲಿ ಹತ್ತು ಮಕ್ಕಳು ಒಟ್ಟಿಗೆ ಊದುವುದಾದರೆ ಈ ಲೆಕ್ಕ ಬಿಟ್ಟು ಎಲ್ಲರ ಶ್ರುತಿ ಯಾವುದೋ ಅದನ್ನೇ ತಗೊಳ್ಳಿ. ಒಬ್ಬನದು ಮಾತ್ರ ಅರ್ಧ ಮನೆ ಆಚೀಚೆ ಆದರೆ ಇಡೀ ಕ್ಲಾಸಿನ ಕಿವಿ ಹಾಳು.

ಹಂತ 3: ಕೈ ಅಳತೆ

ಅಂಗಡಿಗೆ ಹೋಗಲು ಆಗುವವರು ಮಗುವನ್ನು ಕರೆದುಕೊಂಡೇ ಹೋಗಿ. ಆಗದವರು, ಅಂದರೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಒಳಗಿನ ಎಸ್ಟೇಟುಗಳಲ್ಲಿ ಇರುವವರು, ಹೀಗೆ ಮಾಡಿ. ಮಾರುವವರಿಗೆ ಎರಡು ಅಳತೆ ಕೇಳಿ: ಮೊದಲ ಬೆರಳು ತೂತಿನ ನಡುವಿನಿಂದ ಆರನೇ ತೂತಿನ ನಡುವಿಗೆ ಎಷ್ಟು, ಮತ್ತು ಕೊಳಲಿನ ಹೊರಸುತ್ತಿನ ದಪ್ಪ ಎಷ್ಟು. ತೂತುಗಳ ನಡುವಿನ ಅಂತರ ಬೇರೆ ಬೇರೆ ಇರುವುದರಿಂದ ಸ್ಕೇಲಿನ ಪಕ್ಕ ಇಟ್ಟು ತೆಗೆದ ಫೋಟೋ ಸಿಕ್ಕರೆ ಇನ್ನೂ ಒಳ್ಳೆಯದು.

ಮನೆಯಲ್ಲಿ ಅಷ್ಟೇ ದಪ್ಪದ ಪಿವಿಸಿ ಪೈಪಿನ ತುಂಡು ಇದ್ದರೆ ಸರಿ, ಇಲ್ಲದಿದ್ದರೆ ದಿನಪತ್ರಿಕೆಯನ್ನು ಬಿಗಿಯಾಗಿ ಸುತ್ತಿ ದಾರ ಕಟ್ಟಿ. ಫೋಟೋ ನೋಡಿ ಸ್ಕೆಚ್ ಪೆನ್ನಲ್ಲಿ ತೂತಿನ ಜಾಗಕ್ಕೆ ಚುಕ್ಕಿ ಇಡಿ. ಮಗುವಿಗೆ ಅದನ್ನು ಅಡ್ಡ ಹಿಡಿಯಲು ಹೇಳಿ, ಆರು ಚುಕ್ಕಿಯೂ ಮುಚ್ಚಲಿ. ಬಲಗೈ ಉಂಗುರದ ಬೆರಳನ್ನು ಗಮನಿಸಿ. ತೊಂದರೆ ಬರುವುದು ಯಾವಾಗಲೂ ಅಲ್ಲೇ. ಆ ಬೆರಳು ನೆಟ್ಟಗೆ ಸೆಟೆದುಕೊಂಡರೆ ಅಥವಾ ಅದನ್ನು ಎಟುಕಿಸಲು ಮಣಿಕಟ್ಟು ತಿರುಚಿದರೆ ಆ ಕೊಳಲು ದೊಡ್ಡದಾಯಿತು. ಒಂದು ಅಥವಾ ಎರಡು ಮನೆ ಮೇಲಕ್ಕೆ, ಅಂದರೆ ಚಿಕ್ಕ ಕೊಳಲಿಗೆ, ಹೋಗಿ. "ಬೆಳೆಯುವ ಮಕ್ಕಳು, ಮುಂದಕ್ಕೆ ಆಗುತ್ತೆ" ಅನ್ನುವ ಲೆಕ್ಕ ಯೂನಿಫಾರಂಗೆ ಸರಿ. ಕೊಳಲಿಗೆ ಬೇಡ.

ಎಡಗೈ ಮಕ್ಕಳ ಬಗ್ಗೆ ಒಂದು ಮಾತು. ಬಿದಿರಿನ ಕೊಳಲಿನ ತೂತುಗಳು ಒಂದೇ ಸಾಲಿನಲ್ಲಿದ್ದರೆ ಎಡಕ್ಕೂ ಹಿಡಿಯಬಹುದು, ಬಲಕ್ಕೂ ಹಿಡಿಯಬಹುದು. ಕೊನೆಯ ತೂತನ್ನು ಸ್ವಲ್ಪ ಓರೆಯಾಗಿ ಕೊರೆದಿದ್ದರೆ ಮಾತ್ರ ಮೊದಲೇ ಹೇಳಿ ಮಾಡಿಸಬೇಕು.

ಹಂತ 4: ಎಲ್ಲಿ ಸಿಗುತ್ತದೆ, ಹೆಸರಿಗೆ ಎಷ್ಟು ಬೆಲೆ?

ಹಾಸನಾಂಬೆ ದರ್ಶನದ ದಿನಗಳಲ್ಲಿ, ಬೇಲೂರು ತೇರಿನಲ್ಲಿ, ಉದ್ದ ಕೋಲಿಗೆ ಕೊಳಲು ಸಿಕ್ಕಿಸಿಕೊಂಡು ಸಿನಿಮಾ ಹಾಡು ಊದುತ್ತಾ ಬರುವವರನ್ನು ಎಲ್ಲರೂ ನೋಡಿದ್ದೀರಿ. ಅವರು ಊದಿದರೆ ಚೆನ್ನಾಗಿ ಬರುತ್ತದೆ, ನಮ್ಮ ಮನೆಗೆ ಬಂದ ಮೇಲೆ ಬರಲ್ಲ ಅಂತ ಎಲ್ಲರ ದೂರು. ಮಾರುವವನ ಪಳಗಿದ ಉಸಿರು ಸ್ವರದ ತಪ್ಪನ್ನು ತಿದ್ದಿಕೊಳ್ಳುತ್ತದೆ, ಕಲಿಯುವ ಮಗುವಿಗೆ ಆ ಶಕ್ತಿ ಇರುವುದಿಲ್ಲ. ಇನ್ನೊಂದು, ಜಾತ್ರೆಯಲ್ಲಿ ಪೀಪಿಯ ಥರ ನೇರ ಹಿಡಿದು ಊದುವ ಕೊಳಲುಗಳೂ ಇರುತ್ತವೆ. ಅವು ಆಟಕ್ಕೆ. ಮಗುವಿಗೆ ಆಸೆಯಾದರೆ ಕೊಡಿಸಿ, ಪಾಠಕ್ಕೆ ಲೆಕ್ಕ ಹಿಡಿಯಬೇಡಿ.

ನಮ್ಮೆರಡು ಜಿಲ್ಲೆಗಳ ವಾದ್ಯದ ಅಂಗಡಿಗಳಲ್ಲಿ ಹಾರ್ಮೋನಿಯಂ, ತಬಲ, ಗಿಟಾರ್, ಕೀಬೋರ್ಡ್‌ಗೆ ಇರುವ ಗಿರಾಕಿ ಕೊಳಲಿಗಿಲ್ಲ. ಇದ್ದ ಐದಾರರಲ್ಲಿ ಆರಿಸಬೇಕಾಗುತ್ತದೆ. ಮೈಸೂರು, ಬೆಂಗಳೂರಿಗೆ ಹೇಗೂ ಮದುವೆಗೋ ಆಸ್ಪತ್ರೆಗೋ ಹೋಗುತ್ತಿರುತ್ತೀರಿ, ಆಗ ಒಂದು ಗಂಟೆ ಇದಕ್ಕೆ ಇಡಿ. ಇಪ್ಪತ್ತು ಕೊಳಲಿನ ಕಟ್ಟು ಮುಂದಿಟ್ಟು ಆರಿಸಿಕೊಳ್ಳಿ ಅನ್ನುವ ಅಂಗಡಿ ಸಿಕ್ಕರೆ ಅದು ದೊಡ್ಡ ಭಾಗ್ಯ.

ಈಗ ಹೆಸರಿನ ಮಾತು. ಬಿದಿರಿನ ಬಾನ್ಸುರಿಯಲ್ಲಿ ದೆಹಲಿಯ ಪೂನಂ, ಆನ್‌ಲೈನಿನಲ್ಲಿ ಎಲ್ಲೆಡೆ ಕಾಣುವ ರಾಧೆ ಮುಂತಾದ ಹೆಸರುಗಳು ಕಿವಿಗೆ ಬೀಳುತ್ತವೆ. ಉತ್ತರ ಪ್ರದೇಶದ ಪೀಲಿಭೀತ್‌ನಲ್ಲಂತೂ ಕೊಳಲು ತಯಾರಿಕೆ ತಲೆಮಾರುಗಳ ಕಸುಬು. ಬಿದಿರು ಮಾತ್ರ ಅಸ್ಸಾಂನಿಂದ ಬರುತ್ತದೆ. ಕರ್ನಾಟಕ ಪದ್ಧತಿಯ ಕೊಳಲಿಗೆ ದೊಡ್ಡ ಬ್ರ್ಯಾಂಡ್‌ಗಿಂತ ಒಬ್ಬೊಬ್ಬ ಕುಶಲಕರ್ಮಿಯ ಹೆಸರು ನಡೆಯುತ್ತದೆ. ಚೆನ್ನೈ, ಬೆಂಗಳೂರಿನ ವಾದಕರು ತಮ್ಮ ಶಿಷ್ಯರಿಗೆ ಆ ಕುಶಲಕರ್ಮಿಗಳ ಫೋನ್ ನಂಬರ್ ಕೊಡುತ್ತಾರೆ. ಮೇಷ್ಟ್ರ ಮೂಲಕ ಹೋದರೆ ಕೆಲಸ ಸಲೀಸು.

ಹೆಸರಿರುವ ತಯಾರಕರಿಂದ ತಗೊಂಡರೆ ಏನು ಲಾಭ? ಒಳ್ಳೆಯ ನಾದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾದ ಲಾಭ ಎರಡು: ಶ್ರುತಿ ನೋಡದ ಕೊಳಲು ಹೊರಗೆ ಬರುವ ಸಾಧ್ಯತೆ ಕಡಿಮೆ, ಮತ್ತು ಸರಿಯಿಲ್ಲದಿದ್ದರೆ ವಾಪಸ್ ತಗೊಳ್ಳುತ್ತಾರೆ. ಇಷ್ಟಕ್ಕೆ ಸ್ವಲ್ಪ ಜಾಸ್ತಿ ದುಡ್ಡು ಕೊಡಬಹುದು. ಆದರೆ ಬಿದಿರು ಗಿಡದಲ್ಲಿ ಬೆಳೆದದ್ದು, ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ. ಒಂದೇ ಕೈ ಮಾಡಿದ ಎರಡು ಕೊಳಲಿನ ಒಳಮೈ, ಗೋಡೆಯ ದಪ್ಪ, ಸುತ್ತು ಒಂದೇ ಆಗಿರಲ್ಲ. ಹಾಗಾಗಿ "ಇಂಥವರ ಕೊಳಲು" ಎನ್ನುವುದು ಅರ್ಧ ಉತ್ತರ. "ಇಂಥವರ ಈ ಕೊಳಲು" ಅನ್ನುವುದೇ ಪೂರ್ತಿ ಉತ್ತರ.

ನಮ್ಮ ತೋಟದಲ್ಲೇ ಬಿದಿರು ಮೆಳೆ ಇದೆಯಲ್ಲ, ಕಡಿದು ಮಾಡಿದರಾಗದಾ ಅಂತ ಮಲೆನಾಡಿನವರು ಕೇಳುತ್ತಾರೆ. ಹೆಬ್ಬಿದಿರಿನ ಗೋಡೆ ದಪ್ಪ. ಕೊಳಲಿಗೆ ಬೇಕಾದ್ದು ಗೋಡೆ ತೆಳು, ಗೆಣ್ಣಿನಿಂದ ಗೆಣ್ಣಿಗೆ ಉದ್ದ ಇರುವ ಬಿದಿರು. ಅದು ಸಿಕ್ಕರೂ ಹಸಿಯಾಗಿ ಕೊರೆದರೆ ಒಣಗುತ್ತಾ ಕುಗ್ಗಿ ಶ್ರುತಿ ಜಾರುತ್ತದೆ, ಸೀಳುತ್ತದೆ. ಚೆನ್ನಾಗಿ ಹದವಾಗಿ ಒಣಗಿದ್ದೇ ಬೇಕು. ಹವ್ಯಾಸಕ್ಕೆ ಮಾಡಿ ನೋಡಿ, ಪಾಠಕ್ಕೆ ಕೊಂಡುಕೊಳ್ಳಿ.

ಹಂತ 5: ಕೈಗೆ ಬಂದ ಕೊಳಲನ್ನು ಪರೀಕ್ಷಿಸುವುದು

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ಆನ್‌ಲೈನಿನಲ್ಲಿ ತರಿಸಿದ್ದಾದರೆ ಪೊಟ್ಟಣ ಬಿಚ್ಚುವಾಗಲೇ ವಿಡಿಯೋ ಮಾಡಿಕೊಳ್ಳಿ. ವಾಪಸ್ ಕಳಿಸುವ ಗಡುವು ಎಷ್ಟು ದಿನ ಅಂತ ಮೊದಲೇ ನೋಡಿಡಿ, ಅಷ್ಟರೊಳಗೆ ಮೇಷ್ಟ್ರ ಕೈಗೆ ಅದು ಹೋಗಬೇಕು.

ಮೊದಲು ಕಣ್ಣು. ಕೊಳಲನ್ನು ಬೆಳಕಿಗೆ ಹಿಡಿದು ತೆರೆದ ತುದಿಯಿಂದ ಒಳಗೆ ನೋಡಿ. ಒಳಮೈ ನಯವಾಗಿರಬೇಕು, ಗೆಣ್ಣಿನ ಚೂರು, ನಾರು ನಿಂತಿರಬಾರದು. ಬೆರಳು ತೂತು ಬಿಟ್ಟು ಬೇರೆಲ್ಲಾದರೂ ಬೆಳಕಿನ ಗೆರೆ ಕಂಡರೆ ಅದು ಸೀಳು. ತೂತುಗಳನ್ನು ಕಾಯಿಸಿದ ಸಲಾಕೆಯಿಂದ ಸುಟ್ಟು ಕೊರೆಯುವುದರಿಂದ ಅಂಚು ಕಪ್ಪಗಿರುತ್ತದೆ, ಅದು ಕೆಟ್ಟದ್ದಲ್ಲ. ಆದರೆ ಊದುವ ತೂತಿನ ಅಂಚನ್ನು, ಅದರಲ್ಲೂ ಉಸಿರು ಬಂದು ಬಡಿಯುವ ಆಚೆ ಬದಿಯನ್ನು, ಚೆನ್ನಾಗಿ ನೋಡಿ. ಅದು ಚೂಪಾಗಿ, ಸ್ವಚ್ಛವಾಗಿ ಇರಬೇಕು. ಅಲ್ಲಿ ಪುಡಿ ಎದ್ದಿದ್ದರೆ, ಮೊಂಡಾಗಿದ್ದರೆ ನಾದದಲ್ಲಿ "ಸುಸ್" ಅನ್ನುವ ಗಾಳಿಯೇ ಜಾಸ್ತಿ ಬರುತ್ತದೆ. ಮೈಮೇಲೆ ಸೂಜಿಮೊನೆಯಷ್ಟು ತೂತು, ಪಕ್ಕದಲ್ಲಿ ಮಾಸಲು ಹಳದಿ ಹಿಟ್ಟು ಕಂಡರೆ ಕುಟ್ಟೆ ಹಿಡಿದಿದೆ. ಅಂಥದ್ದನ್ನು ಮನೆಯೊಳಗೇ ತರಬೇಡಿ. ಎರಡೂ ತುದಿಗೆ ದಾರ ಬಿಗಿದು ಸುತ್ತಿದ್ದರೆ ಒಳ್ಳೆಯದು. ಅದು ಅಂದಕ್ಕಲ್ಲ, ಸೀಳುವುದನ್ನು ತಡೆಯಲು.

ಆಮೇಲೆ ಸೋರಿಕೆ. ಎಲ್ಲ ಬೆರಳು ತೂತನ್ನೂ ಮುಚ್ಚಿ, ತೆರೆದ ತುದಿಯನ್ನು ಇನ್ನೊಬ್ಬರ ಅಂಗೈಯಿಂದ ಒತ್ತಿ ಹಿಡಿಸಿ, ಊದುವ ತೂತಿಗೆ ಬಾಯಿ ಇಟ್ಟು ಮೆಲ್ಲಗೆ ಒಳಗೆ ಎಳೆಯಿರಿ. ಗಾಳಿ ನಿಲ್ಲಬೇಕು. ಎಳೆದಷ್ಟೂ ಬರುತ್ತಿದ್ದರೆ ಎಲ್ಲೋ ಬಿರುಕಿದೆ, ಅಥವಾ ಬಾನ್ಸುರಿಯ ತಲೆಯ ತುದಿ ಮುಚ್ಚುವ ಬೆಂಡು ಸಡಿಲವಾಗಿದೆ.

ಈಗ ಶ್ರುತಿ. ಇದನ್ನು ಕಲಿಯುವ ಮಗು ಊದಬಾರದು. ಮೇಷ್ಟ್ರೋ ಹಿರಿಯ ವಿದ್ಯಾರ್ಥಿಯೋ ಊದಲಿ. ಹೊಸಬರು ಕೊಳಲನ್ನು ತುಟಿಯ ಕಡೆ ಒಳಕ್ಕೆ ಹೊರಳಿಸುತ್ತಾರೆ, ಆಗ ಶ್ರುತಿ ಇಳಿಯುತ್ತದೆ. ಹೊರಕ್ಕೆ ಹೊರಳಿಸಿದರೆ ಏರುತ್ತದೆ. ತಪ್ಪು ಕೊಳಲಿನದೋ ತುಟಿಯದೋ ಅಂತ ಗೊತ್ತಾಗುವುದೇ ಇಲ್ಲ.

ಫೋನಿನಲ್ಲಿ ಉಚಿತ ಟ್ಯೂನರ್ ಆ್ಯಪ್ ಹಾಕಿಕೊಳ್ಳಿ, ಎ ಸ್ವರ 440 ಅಂತ ಇಟ್ಟುಕೊಳ್ಳಿ. ಎರಡು ನಿಮಿಷ ಊದಿ ಕೊಳಲು ಬೆಚ್ಚಗಾದ ಮೇಲೆ ಅಳೆಯಿರಿ. ಗಾಳಿಯ ಉಷ್ಣತೆ 1 ಡಿಗ್ರಿ ಏರಿದರೆ ಕೊಳಲಿನ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ. ಅರ್ಧ ಮನೆ ಎಂದರೆ 100 ಸೆಂಟ್. ಡಿಸೆಂಬರ್ ಬೆಳಿಗ್ಗೆ ಚಿಕ್ಕಮಗಳೂರಿನ ಚಳಿಯಲ್ಲಿ ಪೆಟ್ಟಿಗೆಯಿಂದ ತೆಗೆದ ಕೂಡಲೇ ಅಳೆದರೆ ಒಳ್ಳೆಯ ಕೊಳಲೂ ಇಳಿದೇ ಇರುತ್ತದೆ. ಅದನ್ನು ನೋಡಿ ವಾಪಸ್ ಕಳಿಸಿಬಿಟ್ಟೀರಿ!

ಮೂರು ವಿಷಯ ಅಳೆಯಿರಿ. ಒಂದು, ಮಧ್ಯ ಷಡ್ಜ. ಹೇಳಿದ ಮನೆಯಿಂದ 10 ಸೆಂಟ್ ಆಚೀಚೆ ಇದ್ದರೆ ಉಸಿರಿನಲ್ಲಿ ಸರಿಹೋಗುತ್ತದೆ. 20 ದಾಟಿದರೆ ಬೇಡ. ಎರಡು, ಪಂಚಮ, ಅಂದರೆ ಪ. ತಂಬೂರಿ ಆ್ಯಪ್ ಹಚ್ಚಿ ಅದರ ಜೊತೆ ಹಿಡಿದು ಊದಿಸಿ, ಅಲೆಯಿಲ್ಲದೆ ಕೂರಬೇಕು. ಮೂರನೆಯದು ಸ್ಥಾಯಿ, ಹೆಚ್ಚಿನ ಕೊಳಲು ಸೋಲುವುದು ಇಲ್ಲೇ. ಅದೇ ಬೆರಳಿನಲ್ಲಿ ಉಸಿರಿನ ವೇಗ ಹೆಚ್ಚಿಸಿದರೆ ಒಂದು ಸ್ಥಾಯಿ ಮೇಲಿನ ಸ್ವರ ಬರುತ್ತದೆ. ಕೆಳಗಿನದು ಸರಿಯಿದ್ದು ಮೇಲಿನದು ತುಂಬ ಇಳಿದಿದ್ದರೆ ಅಥವಾ ಏರಿದ್ದರೆ ಒಳಕೊಳವೆಯಲ್ಲೋ ಬೆಂಡಿನ ಜಾಗದಲ್ಲೋ ದೋಷ. ಬೆಂಡು ಸರಿಸಿ ತಿದ್ದಬಹುದು, ಕೊಳವೆ ತಿದ್ದಲು ಆಗಲ್ಲ.

ಟ್ಯೂನರ್ ನೋಡಿ ಗಾಬರಿಯಾಗುವ ಇನ್ನೊಂದು ಜಾಗ ಗಾಂಧಾರ, ಅಂದರೆ ಗ. ಆ್ಯಪ್ ಇರುವುದು ಹಾರ್ಮೋನಿಯಂ, ಕೀಬೋರ್ಡಿನ ಲೆಕ್ಕಕ್ಕೆ. ತಂಬೂರಿಗೆ ಕೂರುವ ಅಂತರ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಕೆಳಗಿರುತ್ತದೆ. ಆ್ಯಪ್ ಕೆಂಪು ತೋರಿಸಿದರೂ ಕಿವಿಗೆ ಹಿತವಾಗಿದ್ದರೆ ಕಿವಿಯನ್ನೇ ನಂಬಿ. ಷಡ್ಜ, ಪಂಚಮಕ್ಕೆ ಆ್ಯಪ್ ಸಾಕು, ಉಳಿದದ್ದಕ್ಕೆ ಮೇಷ್ಟ್ರು.

ದೂರದಿಂದ ತರಿಸುವವರು ದುಡ್ಡು ಕೊಡುವ ಮೊದಲೇ ಒಂದು ಮಾತು ಕೇಳಿ: "ನನಗೆ ಕಳಿಸುವ ಇದೇ ಕೊಳಲನ್ನು ಟ್ಯೂನರ್ ಎದುರು ಊದಿ ವಿಡಿಯೋ ಕಳಿಸ್ತೀರಾ?" ಒಳ್ಳೆಯ ತಯಾರಕರು ಬೇಸರವಿಲ್ಲದೆ ಕಳಿಸುತ್ತಾರೆ. ಆಗಲ್ಲ ಅಂದವರ ಹತ್ತಿರ ತಗೊಳ್ಳಲೇಬೇಕಾ ಅಂತ ಯೋಚಿಸಿ. ಕೊಳಲನ್ನು ಪಿವಿಸಿ ಪೈಪಿನೊಳಗೆ ಇಟ್ಟು ಪ್ಯಾಕ್ ಮಾಡಲು ಹೇಳುವುದನ್ನೂ ಮರೆಯಬೇಡಿ.

ಪಿವಿಸಿ ಕೊಳಲು ಕೀಳಲ್ಲ

ಪಿವಿಸಿ ಅಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ನಾದದಲ್ಲಿ ಬಿದಿರಿನ ಮೃದುತನ ಇಲ್ಲ, ಕೈಗೆ ಸ್ವಲ್ಪ ಭಾರ, ಒಪ್ಪುತ್ತೇನೆ. ಆದರೆ ಸರಿಯಾಗಿ ಶ್ರುತಿ ಮಾಡಿದ ಪಿವಿಸಿ ಕೊಳಲು ಶ್ರುತಿ ತಪ್ಪಿದ ಬಿದಿರಿಗಿಂತ ಎಷ್ಟೋ ಮೇಲು. ಸೀಳಲ್ಲ, ಕುಟ್ಟೆ ಹಿಡಿಯಲ್ಲ, ಶಾಲೆಯ ಬ್ಯಾಗಿನಲ್ಲಿ ಟಿಫನ್ ಬಾಕ್ಸಿನ ಕೆಳಗೆ ಸಿಕ್ಕಿದರೂ ಬದುಕುತ್ತದೆ. ಮಗು ಆರು ತಿಂಗಳಾದ ಮೇಲೂ ಕಲಿಯುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೆ ಇದರಿಂದಲೇ ಶುರು ಮಾಡಿ. ಮೇಲಿನ ಶ್ರುತಿ ಪರೀಕ್ಷೆ ಇದಕ್ಕೂ ಉಂಟು.

ಪಾಶ್ಚಾತ್ಯ ಫ್ಲೂಟ್ ಆದರೆ

ಚರ್ಚಿನ ಸಂಗೀತ, ಆನ್‌ಲೈನ್ ಗ್ರೇಡ್ ಪರೀಕ್ಷೆ, ಆರ್ಕೆಸ್ಟ್ರಾ ಆಸೆ ಇರುವ ಮಕ್ಕಳು ನಮ್ಮಲ್ಲೂ ಈಗ ಇದ್ದಾರೆ. ಈ ಬೆಳ್ಳಿ ಬಣ್ಣದ ಫ್ಲೂಟಿನ ಇಂದಿನ ರೂಪಕ್ಕೆ ಬುನಾದಿ ಹಾಕಿದ್ದು ಜರ್ಮನಿಯ ಥಿಯೋಬಾಲ್ಡ್ ಬೋಮ್, 1847ರಲ್ಲಿ. ಇದು ಸಣ್ಣ ಯಂತ್ರ. ಹತ್ತಾರು ಕೀಲಿ, ಸ್ಪ್ರಿಂಗು, ಸರಳು, ಮೆತ್ತನೆಯ ಪ್ಯಾಡುಗಳು. ಒಂದು ಪ್ಯಾಡ್ ಕೂದಲೆಳೆಯಷ್ಟು ಸೋರಿದರೂ ಕೆಳಗಿನ ಸ್ವರಗಳು ಬರುವುದಿಲ್ಲ. ಅದಕ್ಕೇ ಇಲ್ಲಿ ಕಂಪನಿ ಮುಖ್ಯ ಅಂದದ್ದು. ಹೆಸರೇ ಕೇಳದ ಅಗ್ಗದ ಫ್ಲೂಟುಗಳ ಕೀಲಿಯ ಲೋಹ ಮೆತ್ತಗಿರುತ್ತದೆ, ಬೇಗ ಬಾಗುತ್ತದೆ. ಬಿಡಿಭಾಗ ಸಿಗಲ್ಲ, ರಿಪೇರಿಯವರು ಮುಟ್ಟಲ್ಲ.

ಕಲಿಯುವವರಿಗೆ ಜಗತ್ತಿನಾದ್ಯಂತ ಹೇಳುವ ಹೆಸರುಗಳು ಕೆಲವೇ. ಜಪಾನಿನ ಯಮಹಾ, ಅದರಲ್ಲಿ ವೈಎಫ್‌ಎಲ್-222. ತೈವಾನಿನ ಜುಪಿಟರ್. ಅಮೆರಿಕದ ಜೆಮೈನ್‌ಹಾರ್ಟ್‌ನ 2ಎಸ್‌ಪಿ. ಡ್ರಮ್ಮಿಗೆ ಹೆಸರಾದ ಜಪಾನಿನ ಪರ್ಲ್ ಕೂಡ ಒಳ್ಳೆಯ ಫ್ಲೂಟ್ ಮಾಡುತ್ತದೆ. ಇಂಗ್ಲೆಂಡಿನ ಟ್ರೆವರ್ ಜೇಮ್ಸ್. ಇವು ಐದೂ ಕಲಿಯಲು ತಕ್ಕವೇ. ಹಾಸನದಲ್ಲಿ ಕೂತವರು ಯಾವುದು ತಗೋಬೇಕು ಅಂದರೆ ನಾನು ಯಮಹಾ ಅನ್ನುತ್ತೇನೆ. ಉಳಿದವು ಕಡಿಮೆ ಅಂತಲ್ಲ. ಭಾರತದಲ್ಲಿ ಅದರ ಡೀಲರುಗಳು ಜಾಸ್ತಿ, ರಿಪೇರಿಯವರಿಗೆ ಪರಿಚಯ, ಮಗು ಬಿಟ್ಟುಬಿಟ್ಟರೆ ಸೆಕೆಂಡ್ ಹ್ಯಾಂಡ್ ಆಗಿ ಮಾರಲೂ ಸುಲಭ. ರಿಪೇರಿಗೆ ಹೇಗೂ ಬೆಂಗಳೂರಿಗೇ ಹೋಗಬೇಕು. ಹಾಸನದಿಂದ ಸುಮಾರು 185 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಇನ್ನೂ ದೂರ. ಹೋದ ಮೇಲೆ "ಈ ಮಾಡೆಲ್ ನಾವು ನೋಡಿಲ್ಲ" ಅನ್ನಿಸಿಕೊಂಡು ಬರುವುದು ಬೇಡ.

ಬೆಲೆ ಹತ್ತಾರು ಸಾವಿರ. ಹಾಗಾಗಿ ಏನು ಇರಬೇಕು, ಏನು ಬೇಡ ಅಂತ ತಿಳಿದಿರಲಿ. ಮುಚ್ಚಿದ ಕೀಲಿಗಳು ಇರಲಿ, ನಡುವೆ ತೂತಿರುವವು ಈಗ ಬೇಡ. ಜಿ ಕೀಲಿ ಸಾಲಿನಿಂದ ಸ್ವಲ್ಪ ಹೊರಗೆ ಚಾಚಿರಲಿ, ಸಣ್ಣ ಕೈಗೆ ಅದು ಸುಲಭ. ಕೊನೆಯ ತುಂಡಿಗೆ ಫುಟ್ ಅನ್ನುತ್ತಾರೆ: ಸಿ ಫುಟ್ ಸಾಕು, ಬಿ ಫುಟ್ ಉದ್ದ ಮತ್ತು ಭಾರ. ಇ ಮೆಕ್ಯಾನಿಸಂ ಇದ್ದರೆ ಮೇಲಿನ ಸ್ಥಾಯಿಯ ಇ ಸ್ವರ ತಡವರಿಸದೆ ಬರುತ್ತದೆ. ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಡೆಯುತ್ತದೆ. ಕಲಿಕೆಯ ಫ್ಲೂಟುಗಳ ಮೈ ಸಾಮಾನ್ಯವಾಗಿ ನಿಕಲ್ ಸಿಲ್ವರ್, ಅಂದರೆ ತಾಮ್ರ, ನಿಕಲ್, ಸತುವಿನ ಮಿಶ್ರಲೋಹ. ಬೆಳ್ಳಿ ಇರುವುದು ಮೇಲಿನ ಲೇಪನದಲ್ಲಿ ಮಾತ್ರ. "ಬೆಳ್ಳಿ ಫ್ಲೂಟ್" ಅಂತ ಯಾರಾದರೂ ಜಾಸ್ತಿ ಕೇಳಿದರೆ ಇದನ್ನು ನೆನಪಿಡಿ.

ಪುಟ್ಟ ಮಕ್ಕಳ ತೋಳಿಗೆ 67 ಸೆಂಟಿಮೀಟರಿನ ಫ್ಲೂಟ್ ಎಟುಕುವುದಿಲ್ಲ. ಅವರಿಗೆ ತಲೆಯ ಭಾಗ ಬಾಗಿಸಿದ ಫ್ಲೂಟ್ ಬರುತ್ತದೆ. ನುವೋ ಕಂಪನಿಯ ಪ್ಲಾಸ್ಟಿಕ್ ಫ್ಲೂಟ್ ಕೂಡ ಇದೆ. ಹಗುರ, ನೀರಲ್ಲಿ ತೊಳೆಯಬಹುದು. ಮಳೆಗಾಲದ ಮಲೆನಾಡಿಗೆ ಇದು ಕೆಟ್ಟ ಆಯ್ಕೆಯಲ್ಲ.

ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಪ್ಯಾಡುಗಳನ್ನು ನೋಡಿ. ಹರಿದ, ಉಬ್ಬಿದ, ಮುಗ್ಗಲು ವಾಸನೆಯ ಪ್ಯಾಡು ಇದ್ದರೆ ಎಲ್ಲವನ್ನೂ ಬದಲಿಸುವ ಖರ್ಚು ಸೇರಿಸಿ ಬೆಲೆ ಲೆಕ್ಕ ಹಾಕಿ. ಫ್ಲೂಟಿನ ಜೊತೆ ಬರುವ ಸ್ವಚ್ಛ ಮಾಡುವ ಕಡ್ಡಿಯ ಮೇಲೆ ಒಂದು ಗೆರೆ ಇರುತ್ತದೆ. ಅದನ್ನು ತಲೆಯ ಭಾಗದೊಳಗೆ ಕೊನೆ ಮುಟ್ಟುವಷ್ಟು ತೂರಿಸಿದರೆ ಆ ಗೆರೆ ಊದುವ ತೂತಿನ ಸರಿ ನಡುವೆ ಕಾಣಬೇಕು. ಇಲ್ಲದಿದ್ದರೆ ಒಳಗಿನ ಬೆಂಡು ಸರಿದಿದೆ ಎಂದರ್ಥ.

ಹಂತ 6: ನಮ್ಮ ಹವೆಯಲ್ಲಿ ಉಳಿಸಿಕೊಳ್ಳುವುದು

ಚಿಕ್ಕಮಗಳೂರು ಒಂದೇ ಜಿಲ್ಲೆಯಾದರೂ ಕೊಳಲಿನ ಪಾಲಿಗೆ ಎರಡು. ಕೊಪ್ಪ, ಶೃಂಗೇರಿ, ಮೂಡಿಗೆರೆಯಲ್ಲಿ ಜೂನ್‌ನಿಂದ ಬೂಷ್ಟು. ಕಡೂರಿನ ಕಡೆ ಮಾರ್ಚ್ ಬಿಸಿಲಿಗೆ ಸೀಳು. ಹಾಸನದಲ್ಲೂ ಸಕಲೇಶಪುರ, ಅರಸೀಕೆರೆ ನಡುವೆ ಅದೇ ವ್ಯತ್ಯಾಸ.

ಮಳೆಯ ಕಡೆಯವರು ಊದಿದ ಮೇಲೆ ಒಳಗನ್ನು ಹತ್ತಿ ಬಟ್ಟೆಯಿಂದ ಒರೆಸಿ, ಸ್ವಲ್ಪ ಹೊತ್ತು ಗಾಳಿಗಿಟ್ಟು ಆಮೇಲೆ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ. ಒಲೆಯ ಮೇಲಿನ ಅಟ್ಟದಲ್ಲೋ ಬಚ್ಚಲ ಹಂಡೆಯ ಹತ್ತಿರವೋ ಬೆಚ್ಚಗಿರಲಿ ಅಂತ ಇಡುವವರಿದ್ದಾರೆ. ಅಷ್ಟು ಬಿಸಿಯೂ ಬೇಡ. ಲೋಹದ ಫ್ಲೂಟಾದರೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಪ್ಯಾಡುಗಳಿಗೆ ತೇವ ಆಗಲ್ಲ.

ಬಯಲುಸೀಮೆಯವರು ಎಣ್ಣೆ ಮರೆಯಬೇಡಿ. ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಕೊಬ್ಬರಿ ಎಣ್ಣೆ. ಆದರೆ ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಕೊಳಲಿನ ಒಳಗೆ ಬೆಳ್ಳಗೆ ಮೆತ್ತಿಕೊಂಡು ಧೂಳು ಹಿಡಿಯುತ್ತದೆ. ಬಾದಾಮಿ ಅಥವಾ ಸಾಸಿವೆ ಎಣ್ಣೆ ತಗೊಳ್ಳಿ. ಉದ್ದ ಕಡ್ಡಿಗೆ ಬಟ್ಟೆ ಸುತ್ತಿ, ಎಣ್ಣೆಯಲ್ಲಿ ಅದ್ದಿ, ಹಿಂಡಿ, ಒಳಗೆ ಹಗುರಾಗಿ ಸವರಿ. ಜಿನುಗುವಷ್ಟು ಬೇಡ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಅಪರೂಪಕ್ಕೆ. ಸವರಿದ ದಿನ ಊದದೆ ಬಿಡಿ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಯಾವ ಕೊಳಲನ್ನೂ ಇಡಬೇಡಿ, ಬಿದಿರಾಗಲಿ ಪಿವಿಸಿಯಾಗಲಿ.

ಎರಡನೇ ಕೊಳಲು ಯಾವಾಗ?

ಪಾಠದಲ್ಲಿ ವರ್ಣ ಎಂಬ ರಚನೆಗಳು ಶುರುವಾದಾಗ, ಅಥವಾ ಕೈ ಬೆಳೆದು ಈಗಿನ ಕೊಳಲಿನ ಮೇಲೆ ಬೆರಳುಗಳು ಒತ್ತೊತ್ತಾಗಿ ಕೂತಾಗ. ಅದಕ್ಕೂ ಮೊದಲು ಮಗು ಹೊಸದು ಬೇಕು ಅಂದರೆ ಹಳೆಯದರಲ್ಲಿ ಯಾವ ಸ್ವರ ಬರುತ್ತಿಲ್ಲ ಅಂತ ಕೇಳಿ. ಒಂದೇ ಸ್ವರ ಹೆಸರಿಸಿದರೆ ಕೊಳಲನ್ನು ಮೇಷ್ಟ್ರ ಹತ್ತಿರ ತೋರಿಸಿ, ತೂತು ತಿದ್ದಿ ಸರಿಮಾಡಲು ಆಗುತ್ತದೋ ನೋಡಲಿ. ಎಲ್ಲ ಸ್ವರವೂ ಬರಲ್ಲ ಅಂದರೆ ಕೊಳಲು ಸರಿಯಾಗೇ ಇದೆ, ಅಭ್ಯಾಸ ನಿಂತಿದೆ. ಎರಡನೆಯದನ್ನು ತರಿಸುವಾಗ ಅದೇ ತಯಾರಕರಿಗೆ ಮೊದಲ ಕೊಳಲಿನ ಫೋಟೋ, ತೂತುಗಳ ಅಳತೆ, ಟ್ಯೂನರಿನಲ್ಲಿ ಷಡ್ಜ ಎಷ್ಟು ತೋರಿಸುತ್ತದೆ ಎಂಬುದನ್ನು ಕಳಿಸಿ. ಒಂದು ಮನೆ ಕೆಳಗಿನದು ಬೇಕು, ಕೈಗೆ ಇಷ್ಟು ಹತ್ತಿರವಾಗಿರಲಿ ಅಂತ ಹೇಳಿದರೆ ಅವರಿಗೆ ಕೆಲಸ ಸುಲಭ. ಮೊದಲನೆಯದನ್ನು ಮಾರಬೇಡಿ, ಎಣ್ಣೆ ಸವರಿ ಇಟ್ಟಿರಿ. ಕ್ಲಾಸಿಗೆ ಹೊಸದಾಗಿ ಸೇರುವ ಮಗುವಿಗೆ ಒಂದೆರಡು ತಿಂಗಳು ಕೊಡಬಹುದು.